ಕಲ್ಲು ನಿಂತಿದ್ದ ಜಾಗ

ಎಳ್ಳ ಅಮಾವಾಸ್ಯೆಯ ದಿನ ನಸುಕಿನ ಎರಡೂವರೆಗೆ ಗುಂಡುಮಾಲಿನ ಒಂದು ಮನೆಯಲ್ಲಿ ದೀಪ ಹತ್ತಿತು. ಎಪ್ಪತ್ತೆಂಟು ವರ್ಷದ ಮಾಸ್ತರರು ಬಿಸಿನೀರಿನಲ್ಲಿ ಮುಖ ತೊಳೆದು, ಕಂಬಳಿ ಹೊದ್ದು, ಹಿಂದಿನ ರಾತ್ರಿಯೇ ಕಟ್ಟಿಸಿದ್ದ ಬುತ್ತಿಯ ಗಂಟನ್ನು ಬಾಡಿಗೆಯ ಜೀಪಿನಲ್ಲಿ ಇಟ್ಟರು. ಸಜ್ಜೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆಗಳ ಆ ಗಂಟಿನ ಪಕ್ಕದಲ್ಲಿ ಹದಿನಾಲ್ಕು ವರ್ಷದ ಮೊಮ್ಮಗಳು ನಿದ್ದೆಗಣ್ಣಿನಲ್ಲಿ ಕುಳಿತಿದ್ದಳು. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದಿಂದ ಶಾಲೆಯ ರಜೆಗೆ ಬಂದವಳು ಅವಳು. ಕನ್ನಡ ಮಾತನಾಡಬಲ್ಲಳು, ಓದಲು ಬಾರದು. ಆ ಸಂಗತಿ ನಲವತ್ತು ವರ್ಷ ಕನ್ನಡ ಕಲಿಸಿದ ಅಜ್ಜನ ಎದೆಯಲ್ಲಿ ಸಣ್ಣ ಮುಳ್ಳಾಗಿ ಉಳಿದಿತ್ತು.

ಈ ಪಯಣಕ್ಕೆ ಕಾರಣವಾದದ್ದು ಅವಳೇ. ಬಂದ ಮೂರನೆಯ ದಿನ ಅಂಗಳದ ಕಟ್ಟೆಯ ಮೇಲೆ ಕುಳಿತು ಅವಳು ಕಾಕಡು ರಾಷ್ಟ್ರೀಯ ಉದ್ಯಾನದ ಭಾವಚಿತ್ರಗಳನ್ನು ತೋರಿಸಿದ್ದಳು. ಉಬಿರ್ ಎಂಬಲ್ಲಿನ ಬಂಡೆಗಳ ಆಸರೆಯಲ್ಲಿ ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬರೆಯುತ್ತ ಬಂದ ಚಿತ್ರಗಳವು. ಮೀನನ್ನು ಬರೆದರೆ ಹೊರಮೈಯನ್ನಷ್ಟೇ ಅಲ್ಲ, ಒಳಗಿನ ಮುಳ್ಳು ಕರುಳುಗಳನ್ನೂ ಬರೆಯುವ ಪದ್ಧತಿ ಅವರದು. ಆಮೆಯಿದೆ, ಆ ಭೂಖಂಡದಿಂದ ಎಂದೋ ಅಳಿದುಹೋದ ಪಟ್ಟೆತೋಳವಿದೆ, ಜೇಬಿನಲ್ಲಿ ಕೈಯಿಟ್ಟು ನಿಂತ ಬಿಳಿಯನೊಬ್ಬನೂ ಇದ್ದಾನೆ. ಪಕ್ಕದ ನಡಬ್ ದಿಬ್ಬವನ್ನು ಹತ್ತಿದರೆ ಕೆಳಗೆ ಕಣ್ಣು ಹಾಯುವಷ್ಟು ದೂರ ಹಸಿರು ಜೌಗುಬಯಲು, ಹಕ್ಕಿಗಳು, ಈಸ್ಟ್ ಅಲಿಗೇಟರ್ ಎಂಬ ನದಿ. ಹೆಸರಿಟ್ಟವರಿಗೆ ಮೊಸಳೆಯ ಜಾತಿ ತಿಳಿಯದೆ ಆ ಹೆಸರು ನಿಂತಿತೆಂದು ಅವಳು ನಕ್ಕಿದ್ದಳು. ಕೊನೆಗೆ, ತನಗೆ ಅಲ್ಲಿ ಮನಸ್ಸಿಗೆ ಹಿಡಿದದ್ದೇನೆಂದು ಹೇಳಿದಳು: “ಮುತ್ಯಾ, ಆ ಚಿತ್ರ ಕಿತ್ತು ಮ್ಯೂಸಿಯಂನಾಗ ಇಟ್ರ ಅರ್ಥ ಇಲ್ಲಂತ. ಯಾವ ಬಂಡಿ ಮ್ಯಾಲ ಅದ, ಆ ಬಂಡಿ ಯಾವ ಕಡೆ ಮುಖ ಮಾಡ್ಯದ, ಅದೂ ಕತಿನೇ ಅಂತ.”

ಮಾಸ್ತರರು ಆಗ ಏನೂ ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ, “ಅಮಾಸಿ ದಿನ ಮುಡುಮಾಲಿಗೆ ಹೋಗೂಣು. ಅಲ್ಲಿ ನನ್ನದೊಂದು ಕೆಲಸ ಉಳಿದದ,” ಎಂದಿದ್ದರು.

ಜೀಪು ನಾರಾಯಣಪೇಟೆಯನ್ನು ದಾಟಿ ಮಖ್ತಲ್ ಕಡೆಗೆ ಹೊರಳಿತು. ಕತ್ತಲಲ್ಲಿ ಊರುಗಳ ಫಲಕಗಳು ಬೆಳಕಿಗೆ ಬಂದು ಮರೆಯಾಗುತ್ತಿದ್ದವು. ಈ ಸೀಮೆಯ ಹಿರಿಯರಿಗೆ ಫಲಕಗಳು ಬದಲಾಗುವುದು ಹೊಸದಲ್ಲ. ನಾರಾಯಣಪೇಟೆ ಜಿಲ್ಲೆಯಾದದ್ದು 2019ರಲ್ಲಿ. ಗುಂಡುಮಾಲ್ ಮಂಡಲ ಕೇಂದ್ರವಾದದ್ದು 2022ರಲ್ಲಿ. ಅವೆಲ್ಲಕ್ಕೂ ದೊಡ್ಡ ಬದಲಾವಣೆ 1956ರ ನವೆಂಬರ್ 1ರದು. ಅಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಸೇರಿತಾದರೂ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಕಲಬುರಗಿಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳೂ ಅದೇ ದಾರಿ ಹಿಡಿದವು. ಮಾಸ್ತರರಿಗೆ ಆಗ ಒಂಬತ್ತು ವರ್ಷ. ಕೃಷ್ಣೆಯ ಈಚೆ ದಂಡೆಯಲ್ಲಿ ಅವರ ಮನೆ, ಆಚೆ ದಂಡೆಯಲ್ಲಿ ಬಂಧುಬಳಗ. ನೀರು ಅದೇ ಆಗಿದ್ದರೂ ದಂಡೆಗಳು ಎರಡು ರಾಜ್ಯಗಳಾಗಿದ್ದವು.

ಅದೇ 1956ರಲ್ಲಿ ಇನ್ನೆರಡು ಸಂಗತಿಗಳು ನಡೆದವು. ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂಬ ವಿಧಿ ಅದು. ಮಾಸ್ತರರು ಕೆಲಸ ಮಾಡಿದ ಗಡಿಯ ಕನ್ನಡ ಶಾಲೆ ಆ ವಿಧಿಯ ನೆರಳಿನಲ್ಲಿಯೇ ಉಳಿದಿತ್ತು. ಇನ್ನೊಂದು ಸಂಗತಿ ದೂರದ ಲಂಡನ್ನಿನದು. ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞರು ‘ಮ್ಯಾನ್’ ಎಂಬ ವಿದ್ವತ್ಪತ್ರಿಕೆಯಲ್ಲಿ ದಕ್ಷಿಣ ಹೈದರಾಬಾದಿನ ಶಿಲಾಸಾಲುಗಳ ಬಗ್ಗೆ ಲೇಖನವೊಂದನ್ನು ಪ್ರಕಟಿಸಿದರು. ಲೇಖನ ಬಂದ ವರ್ಷವೇ ಅದರ ಶೀರ್ಷಿಕೆಯಲ್ಲಿದ್ದ ರಾಜ್ಯ ಇಲ್ಲವಾಯಿತು. ಸಾಲುಗಳು ಮಾತ್ರ ಇದ್ದಲ್ಲೇ ಇದ್ದವು.

ಅದೇ ಆಲ್ಚಿನ್‌ರು 1952ರಲ್ಲಿ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದ್ದರು. ಅಲ್ಲಿನ ಬಂಡೆಗಳ ಮೇಲೆಯೂ ಚಿತ್ರಗಳಿವೆ. ಹೆಚ್ಚಿನವು ದನಗಳು, ಉದ್ದ ಕೊಂಬಿನ ಎತ್ತುಗಳು. ಆ ಉತ್ಖನನದ ವರದಿ 1960ರಲ್ಲಿ ಪುಸ್ತಕವಾಗಿ ಬಂದಾಗ ಪಿಕ್ಲಿಹಾಳ ಮೈಸೂರು ರಾಜ್ಯದಲ್ಲಿತ್ತು, ಪುಸ್ತಕವನ್ನು ಪ್ರಕಟಿಸಿದ್ದು ಆಂಧ್ರಪ್ರದೇಶ ಸರಕಾರ. ಮಾಸ್ತರರು ಈ ಮಾತನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದರು. ಜೀಪಿನಲ್ಲಿ ಮೊಮ್ಮಗಳಿಗೂ ಹೇಳಿದರು. “ಹಂಗಾರ ನಮ್ಮಲ್ಲೂ ಬಂಡಿ ಚಿತ್ರ ಅದಾವಾ?” ಎಂದು ಅವಳ ನಿದ್ದೆ ಹಾರಿತು.

ಕೃಷ್ಣಾ ಊರು ಸಮೀಪಿಸಿದಂತೆ ನದಿಯಾಚೆ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ದೀಪಗಳು ಕಂಡವು. ಆ ಬೆಳಕನ್ನು ಹಿಂದೆ ಬಿಟ್ಟು ಮುಡುಮಾಲಿನ ಬಯಲಿಗೆ ಬಂದಾಗ ಐದು ಗಂಟೆ ದಾಟಿತ್ತು. ಅಮಾವಾಸ್ಯೆಯಾದ್ದರಿಂದ ಚಂದ್ರನಿಲ್ಲ. ಜೀಪಿನ ದೀಪ ಆರಿದೊಡನೆ ಆಕಾಶ ಒಮ್ಮೆಲೇ ತುಂಬಿಕೊಂಡಿತು. ಮಾಸ್ತರರು ಮೊಮ್ಮಗಳನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದರು. ಸಪ್ತರ್ಷಿ ಮಂಡಲ ಎತ್ತರದಲ್ಲಿತ್ತು. ಅದರ ಮುಂದಿನ ಎರಡು ನಕ್ಷತ್ರಗಳಾದ ಕ್ರತು ಮತ್ತು ಪುಲಹ ಒಂದರ ಮೇಲೊಂದು ನಿಂತು ಕೆಳಗಿನ ಧ್ರುವವನ್ನು ನೇರವಾಗಿ ತೋರಿಸುತ್ತಿದ್ದವು. ಹುಡುಗಿ ಧ್ರುವ ನಕ್ಷತ್ರವನ್ನು ಅಂದೇ ಮೊದಲು ಕಂಡದ್ದು. ಡಾರ್ವಿನ್ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ಧ್ರುವ ಕಾಣುವುದಿಲ್ಲ, ಸಪ್ತರ್ಷಿಗಳು ವರ್ಷದ ಕೆಲವು ತಿಂಗಳು ಉತ್ತರದ ಅಂಚಿನಲ್ಲಿ ತಲೆಕೆಳಗಾಗಿ ಇಣುಕಿ ಹೋಗುತ್ತಾರೆ.

ಆಮೇಲೆ ಅವರು ಕೈದೀಪವನ್ನು ನೆಲದತ್ತ ಹಿಡಿದರು. ಮಲಗಿದ ಬಂಡೆಯೊಂದರ ಮೇಲೆ ಬಟ್ಟಲಿನಂಥ ಸಣ್ಣ ಸಣ್ಣ ಕುಳಿಗಳು. ಬೆಳಕನ್ನು ಓರೆಯಾಗಿ ಹಿಡಿದಾಗ ಕುಳಿಗಳಲ್ಲಿ ನೆರಳು ತುಂಬಿ, ಅವುಗಳ ನಡುವೆ ಅದೇ ಏಳು ಚುಕ್ಕೆಗಳ ಆಕೃತಿ ಎದ್ದು ಬಂದಿತು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಕೆ.ಪಿ. ರಾವ್ ಅವರು ಈ ಬಯಲನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಈ ಕುಳಿಗಳು ಸಪ್ತರ್ಷಿ ಮಂಡಲವೇ ಎಂದು ಗುರುತಿಸಿದರು. ಕೆಲವು ಸಾಲುಗಳು ಆಯನ ಮತ್ತು ವಿಷುವದ ದಿನಗಳ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ಹೊಂದುತ್ತವೆ ಎಂಬುದೂ ಅವರ ಅಧ್ಯಯನದ ಫಲ. ಹುಡುಗಿ ಒಮ್ಮೆ ಬಂಡೆಯನ್ನು, ಒಮ್ಮೆ ಆಕಾಶವನ್ನು ನೋಡಿದಳು. ಕುಳಿಯೊಂದರಲ್ಲಿ ಬೆರಳಿಟ್ಟು ಬಹಳ ಹೊತ್ತು ಕುಳಿತಳು.

ಬೆಳಕು ಹರಿದಂತೆ ಬಯಲು ಕಾಣತೊಡಗಿತು. ಹತ್ತು ಹದಿನಾಲ್ಕು ಅಡಿ ಎತ್ತರದ ನಿಲಸುಗಲ್ಲುಗಳು ಸುಮಾರು 80. ಅವುಗಳ ಸುತ್ತ ಸಾಲುಗಟ್ಟಿದ ಸಣ್ಣ ಕಲ್ಲುಗಳು ಮೂರು ಸಾವಿರದಷ್ಟು. ವಯಸ್ಸು ಮೂರೂವರೆ ಸಾವಿರ ವರ್ಷಕ್ಕೂ ಮೇಲೆಂದು ವಿದ್ವಾಂಸರ ಅಂದಾಜು. ಇಂಥವು ಈ ನಾಡಿಗೆ ಅಪರೂಪವೇನಲ್ಲ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇಟ್ಟದ್ದನ್ನು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದಾನೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ. ಆದರೆ ಇಷ್ಟು ಎತ್ತರದ ಕಲ್ಲುಗಳು ಇಷ್ಟು ಒತ್ತಾಗಿ ನಿಂತಿರುವುದು ಮುಡುಮಾಲಿನ ವೈಶಿಷ್ಟ್ಯ. 2025ರ ಮಾರ್ಚ್‌ನಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರವರಿಗೆ ಇದು ಮೊದಲಿನಿಂದಲೂ ‘ನಿಲುರಾಳ್ಳ ತಿಮ್ಮಪ್ಪ’. ಒಂದು ಕಲ್ಲು ಎಲ್ಲಮ್ಮನಾಗಿ ಅರಿಸಿನ ಕುಂಕುಮ ಪಡೆಯುತ್ತದೆ. ಪಟ್ಟಿಗಳು ಬರುವ ಮೊದಲು ಕಲ್ಲುಗಳನ್ನು ಕಾಯ್ದದ್ದು ಆ ಕುಂಕುಮವೇ.

ಕಾಕಡುವಿನಲ್ಲಿಯೂ ಹಾಗೆಯೇ ಎಂದಳು ಹುಡುಗಿ. ಅಲ್ಲಿ ಹಳೆಯ ಚಿತ್ರದ ಮೇಲೆ ಹೊಸದನ್ನು ಬರೆಯುವುದು ತಪ್ಪಲ್ಲ. ಬರೆಯುವ ಹಕ್ಕುಳ್ಳವರು ಬರೆಯುತ್ತಲೇ ಇದ್ದರು. ಅನ್ಬಂಗ್‌ಬಂಗ್ ಎಂಬ ಆಸರೆಯ ಹೆಸರಾಂತ ಚಿತ್ರಗಳು 1964ರ ಸುಮಾರಿಗೆ ಮತ್ತೆ ಬಣ್ಣ ಕಂಡವು. ಮಾಸ್ತರರು ತಲೆಯಾಡಿಸಿದರು. ಅವರ ಕಣ್ಣು ಮಾತ್ರ ಬಯಲಿನ ಪೂರ್ವದ ಅಂಚಿನಾಚೆ, ಬಿಳಿಜೋಳ ನಿಂತ ಹೊಲಗಳ ಕಡೆಗಿತ್ತು.

ಅಲ್ಲಿ ಅವರ ತಂಗಿಯ ಮಗನ ಹೊಲವಿದೆ. ಒಂಬತ್ತು ಗಂಟೆಗೆ ಇವರು ತಲುಪುವಷ್ಟರಲ್ಲಿ ಅಳಿಯ ಬನ್ನಿಯ ಗಿಡದ ಕೆಳಗೆ ಐದು ಕಲ್ಲುಗಳನ್ನು ತೊಳೆದಿಟ್ಟು ಪೂಜೆಗೆ ಅಣಿಮಾಡಿದ್ದನು. ಎಳ್ಳ ಅಮಾವಾಸ್ಯೆಯಂದು ಭೂಮಿತಾಯಿಗೆ ಉಣಬಡಿಸಿದ ಮೇಲೆಯೇ ಮನುಷ್ಯರ ಊಟ. ಕಡುಬು, ಭಜ್ಜಿ, ಅಂಬಲಿಗಳನ್ನು ಕಲಸಿದ ಚರಗವನ್ನು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲಿ ಬರಬೇಕು. ಪೂಜೆಯಾಯಿತು. ಚರಗದ ಪಾತ್ರೆಯನ್ನು ಅಳಿಯ ಎತ್ತುವ ಮೊದಲು ಮಾಸ್ತರರು, “ತಡಿ, ನಾ ಒಂದು ಮಾತು ಹೇಳೂದದ,” ಎಂದರು.

ಮಾತು 1972ರದು. ಆ ವರ್ಷ ಬರ. ಸೀಮೆಯೆಲ್ಲ ಒಣಗಿ, ಭಾವ ಈ ಹೊಲದಲ್ಲಿ ಬಾವಿ ತೋಡಿಸುತ್ತಿದ್ದನು. ನೀರೆತ್ತುವ ಕಟ್ಟೆಗೆ ಉದ್ದದ ಕಲ್ಲೊಂದು ಬೇಕಾಗಿತ್ತು. ಕೊಳ್ಳಲು ಹಣವಿಲ್ಲ. ಹೊಲದೊಳಗೇ ಆಳೆತ್ತರದ ಕಲ್ಲೊಂದು ನಿಂತಿತ್ತು. ಅದರ ಆಚೆಗೂ ಈಚೆಗೂ ಅಂಥವೇ ಎರಡು. ಇಪ್ಪತ್ತೈದು ವರ್ಷದ ಹೊಸ ಮಾಸ್ತರರು ನಾಲ್ಕು ಎತ್ತು ಕಟ್ಟಿ, ಹಗ್ಗ ಬಿಗಿದು, ಭಾವನೊಂದಿಗೆ ಅದನ್ನು ಕೆಡವಿದರು. ಕಟ್ಟೆಗೆ ಕಲ್ಲಾಯಿತು, ಬಾವಿಗೆ ನೀರೂ ಬಂದಿತು. ಅವರು ಮರುವಾರವೇ ಶಾಲೆಯಲ್ಲಿ ಐದನೆಯ ತರಗತಿಗೆ ಶಿಲಾಯುಗದ ಪಾಠ ಮಾಡಿದರು. ತಾವು ಕೆಡವಿದ್ದೇನೆಂಬುದು ತಿಳಿಯಲು ಅವರಿಗೆ ಎಷ್ಟೋ ವರ್ಷ ಹಿಡಿಯಿತು. ತಿಳಿದ ಮೇಲೆ ಹೇಳಲು ಇನ್ನೂ ಹೆಚ್ಚು ವರ್ಷ ಹಿಡಿಯಿತು.

“ಕಲ್ಲು ಬಾವಿ ಕಟ್ಟಿಮ್ಯಾಲ ಈಗೂ ಬಿದ್ದದ. ಅದು ಕಳದಿಲ್ಲ. ಕಳದದ್ದು ಅದರ ಜಾಗ. ಆ ಜಾಗ ಗೊತ್ತಿದ್ದವ ಈಗ ನಾನೊಬ್ಬನೇ ಉಳದೀನಿ,” ಎಂದರು ಮಾಸ್ತರರು. “ಅದನ್ನ ಗುರ್ತು ಮಾಡಿ ಇಲಾಖೆಗೆ ಬರದು ಕೊಡಬೇಕಂತೀನಿ.”

ಅಳಿಯನ ಮುಖ ಗಂಭೀರವಾಯಿತು. ಅವನು ಒರಟನಲ್ಲ, ಮಾವನೆಂದರೆ ಅವನಿಗೆ ಗೌರವ. ಆದರೆ ಪಟ್ಟಿಯ ಸುದ್ದಿ ಬಂದಾಗಿನಿಂದ ಅವನ ನಿದ್ದೆ ಕೆಟ್ಟಿತ್ತು. “ಮಾಮಾ, ಇಲ್ಲಿ ಕಲ್ಲಿತ್ತು ಅಂತ ನಾವಾಗೇ ಬರದು ಕೊಟ್ರ ನಾಳೆ ತಂತಿಬೇಲಿ ಬರ್ತದ. ಮೂರು ಎಕರೆದಾಗ ಏನು ಉಳೀತದ? ಬೋರ್ ಹಾಕಬ್ಯಾಡ ಅಂತಾರ, ಕೊಟ್ಟಿಗಿ ಕಟ್ಟಬ್ಯಾಡ ಅಂತಾರ. ನಿಮಗ ಪಿಂಚಣಿ ಅದರಿ. ನನಗ ಈ ಹೊಲನೇ ಪಿಂಚಣಿ.”

ಆ ಭಯ ಬುಡವಿಲ್ಲದ್ದಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದರ 2010ರ ತಿದ್ದುಪಡಿಯ ನಂತರ, ರಾಷ್ಟ್ರೀಯ ಮಹತ್ವದ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ನಿರ್ಮಾಣವನ್ನು ನಿಷೇಧಿಸುತ್ತದೆ. ಅಲ್ಲಿಂದಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ತೆಲಂಗಾಣಕ್ಕೆ 2017ರ ತನ್ನದೇ ಪರಂಪರೆ ಕಾಯ್ದೆಯಿದೆ. ರೈತನ ಕಿವಿಗೆ ಕಾಯ್ದೆಯೆಂದರೆ ಮೊದಲು ಬೀಳುವ ಶಬ್ದ ‘ಬೇಡ’. ಆದರೆ ಅದೇ 1958ರ ಕಾಯ್ದೆಯ ಆರನೆಯ ಕಲಮು ಇನ್ನೊಂದು ದಾರಿಯನ್ನೂ ಹೇಳುತ್ತದೆ. ಸಂರಕ್ಷಿತ ಸ್ಮಾರಕದ ಮಾಲೀಕನೊಡನೆ ಸರಕಾರ ಒಪ್ಪಂದ ಮಾಡಿಕೊಳ್ಳಬಹುದು. ಆಗ ಒಡೆತನ ಅವನದೇ, ಕಾಪಾಡುವ ಷರತ್ತುಗಳು ಇಬ್ಬರವೂ. ‘ಒಪ್ಪಂದ’ ಎಂಬ ಆ ಶಬ್ದ ಹಳ್ಳಿಯ ಚಾವಡಿಯವರೆಗೆ ಬರುವುದು ಅಪರೂಪ.

ಅಂದು ಹೊಲದಲ್ಲಿ ಆ ಮಾತನ್ನು ಎತ್ತಿದವಳು ಹುಡುಗಿ. ಕಾಕಡುವಿನ ನೆಲದ ದೊಡ್ಡ ಭಾಗ 1976ರ ಭೂಹಕ್ಕು ಕಾಯ್ದೆಯಡಿ ಮೂಲನಿವಾಸಿಗಳ ಸ್ವಂತದ್ದು. ಅವರು ಅದನ್ನು ಉದ್ಯಾನಕ್ಕೆ ಗುತ್ತಿಗೆ ಕೊಟ್ಟಿದ್ದಾರೆ, ಆಡಳಿತ ಮಂಡಳಿಯಲ್ಲಿ ಅವರೇ ಬಹುಸಂಖ್ಯಾತರು. ಶಾಲೆಯಲ್ಲಿ ಕಲಿತದ್ದನ್ನು ಅವಳು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು.

“ಹೊಲ ಅವರದೇ ಉಳೀತದಾ?” ಎಂದನು ಅಳಿಯ.

“ಅವರದೇ ಮಾಮಾ. ಸರಕಾರನೇ ಅವರಿಗೆ ಬಾಡಿಗಿ ಕೊಡತದ.”

“ಅಲ್ಲಿ ಕೊಡತಾರವ್ವಾ,” ಎಂದು ಅವನು ನಕ್ಕನು. ನಗೆಯಲ್ಲಿ ನಂಬಿಕೆಯಿರಲಿಲ್ಲ, ಬಿಗುವು ಮಾತ್ರ ತುಸು ಸಡಿಲಾಗಿತ್ತು. “ಇರಲಿ. ಮೊದಲ ಜಾಗ ಸಿಗತದೋ ಇಲ್ಲೋ ನೋಡ್ರಿ.”

ಮಾಸ್ತರರು ಜೋಳದ ಸಾಲುಗಳ ನಡುವೆ ನಡೆದರು. ನೆನಪಿನಲ್ಲಿದ್ದ ಗುರುತು ಒಂದು ಬೇವಿನ ಮರ. ಮರ ಕಡಿದು ಎಷ್ಟು ಕಾಲವಾಗಿತ್ತೋ. ಬದುವಿನ ದಿಕ್ಕೂ ಬದಲಾಗಿತ್ತು. ಇಲ್ಲಿ ಎಂದರು, ಅಲ್ಲ ಅಲ್ಲಿ ಎಂದರು. ಐವತ್ತಮೂರು ವರ್ಷ ತಾನೊಬ್ಬನೇ ಹೊತ್ತಿದ್ದೇನೆಂದುಕೊಂಡ ಜಾಗ ಕಾಲಡಿಯಲ್ಲಿಯೇ ಜಾರಿಹೋಗಿತ್ತು. ಅವರು ಹೊಲದ ನಡುವೆ ನಿಂತುಬಿಟ್ಟರು. ಕೈಯಲ್ಲಿದ್ದ ಕೋಲು ನಡುಗುತ್ತಿತ್ತು.

ಹುಡುಗಿ ಬದುವಿನ ಮೇಲೆ ಹತ್ತಿ ನೋಡಿದಳು. ಎರಡು ಕಲ್ಲುಗಳು ಇನ್ನೂ ಇದ್ದವು, ಒಂದು ಈ ಬದುವಿನಲ್ಲಿ, ಒಂದು ಆಚೆಯ ಬದುವಿನಲ್ಲಿ. ಒಂದರಿಂದ ಇನ್ನೊಂದಕ್ಕೆ ನೇರ ಗೆರೆ ಹಿಡಿದು ಅವಳು ಹೆಜ್ಜೆ ಎಣಿಸಿದಳು: ಇಪ್ಪತ್ತೆರಡು. ಹನ್ನೊಂದನೆಯ ಹೆಜ್ಜೆಗೆ ಮರಳಿ ಬಂದು ನಿಂತು, “ಮುತ್ಯಾ, ಸಾಲು ಸರಿ ಇದ್ರ ಇಲ್ಲೇ ಇರಬೇಕು,” ಎಂದು ಕೂಗಿದಳು.

ಅಳಿಯ ಅಲ್ಲಿಗೆ ಬಂದು ನೆಲ ನೋಡಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಹೌದು, ಇಲ್ಲೇ. ಬಿತ್ತುವಾಗ ಇಲ್ಲಿ ಕೂರಿಗಿ ಬಡೀತದ. ಅಪ್ಪ ಇದ್ದಾಗಿಂದೂ ಎತ್ತಿ ಹಿಡದೇ ಬಿತ್ತತೀವಿ. ಕೆಳಗ ಸಣ್ಣ ಕಲ್ಲು ಒತ್ತೊತ್ತಾಗಿ ಹುಗದಾರ.”

ನಿಲಸುಗಲ್ಲನ್ನು ನೆಡುವಾಗ ಗುಂಡಿಯಲ್ಲಿ ಸುತ್ತಲೂ ಸಣ್ಣ ಕಲ್ಲುಗಳನ್ನು ಬಿಗಿಯಾಗಿ ತುರುಕುತ್ತಾರೆ. ಮೇಲಿನ ಕಲ್ಲು ಹೋದರೂ ಆ ಬಿಗಿತ ನೆಲದೊಳಗೆ ಉಳಿದಿತ್ತು. ನೋಡಿದರೆ ಅಲ್ಲಿ ಒಂದು ಮೊಳದಷ್ಟು ಜಾಗದಲ್ಲಿ ಜೋಳವೇ ಇರಲಿಲ್ಲ. “ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲೋ?” ಎಂದರು ಮಾಸ್ತರರು. “ಯಾರೂ ಕೇಳಲಿಲ್ಲರಿ,” ಎಂದನು ಅಳಿಯ.

ಅವನು ಚರಗದ ಪಾತ್ರೆಯನ್ನು ತಂದು ನಾಲ್ಕು ದಿಕ್ಕಿಗೆ ಚೆಲ್ಲಿ, ಉಳಿದ ಕೊನೆಯ ಹಿಡಿಯನ್ನು ಆ ಬರಿಯ ಜಾಗಕ್ಕೆ ಹಾಕಿದನು. ಮಾಸ್ತರರು ಬಾಗಿ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಲ್ಲರೂ ಬನ್ನಿಯ ನೆರಳಿನಲ್ಲಿ ಉಂಡರು.

ಇಳಿಹೊತ್ತಿಗೆ ಮೂವರೂ ನದಿಯ ಕಡೆಯ ಏರಿನ ಮೇಲೆ ಹೋಗಿ ಕುಳಿತರು. ಕೆಳಗೆ, ಭೀಮೆಯನ್ನು ಕೂಡಿಕೊಂಡು ಅಗಲವಾದ ಕೃಷ್ಣೆ. ಬಂಡೆಗಳ ನಡುವೆ ನಿಂತ ನೀರು, ಜೊಂಡು, ಅದರಲ್ಲಿ ಕೊಕ್ಕರೆಗಳು. ನೀರಿನ ಹತ್ತಿರ ಹೋಗಬೇಡ, ಮೊಸಳೆಯಿದೆ ಎಂದು ಅಳಿಯ ಎಚ್ಚರಿಸಿದಾಗ ಹುಡುಗಿಗೆ ತನ್ನೂರು ನೆನಪಾಯಿತು. ಆಚೆ ದಂಡೆ ಕರ್ನಾಟಕ. ಹಕ್ಕಿಗಳು ಆ ಕಡೆಗೂ ಈ ಕಡೆಗೂ ಹಾರುತ್ತಿದ್ದವು.

ಅವಳು ವಹಿಯ ಹಾಳೆಯೊಂದರಲ್ಲಿ ಹೊಲದ ನಕ್ಷೆ ಬರೆದಳು. ಎರಡು ಕಲ್ಲು, ನಡುವೆ ಹನ್ನೊಂದು ಹನ್ನೊಂದು ಹೆಜ್ಜೆ, ಬಾವಿ, ಬಾವಿಯ ಕಟ್ಟೆಯಲ್ಲಿ ಮಲಗಿದ ಕಲ್ಲು, ಉತ್ತರಕ್ಕೊಂದು ಬಾಣ. ಬಾಣದ ತುದಿಗೆ ಏಳು ಚುಕ್ಕೆ ಇಟ್ಟಳು. ಮಾಸ್ತರರು ಪ್ರತಿಯೊಂದರ ಪಕ್ಕದಲ್ಲಿ ಕನ್ನಡದಲ್ಲಿ ಹೆಸರು ಬರೆದು, ಕೆಳಗೆ ‘ಈ ಕಲ್ಲನ್ನು 1972ರಲ್ಲಿ ಕೆಡವಿದವರಲ್ಲಿ ನಾನೂ ಒಬ್ಬ’ ಎಂದು ಸಹಿ ಹಾಕಿದರು. ಬರೆದ ಒಂದೊಂದು ಅಕ್ಷರವನ್ನೂ ಹುಡುಗಿ ಕೇಳಿ ತಿಳಿದುಕೊಂಡಳು. ಅವಳು ಮೊದಲು ಗುರುತು ಹಿಡಿದದ್ದು ‘ಕ’ ಮತ್ತು ‘ಲ್ಲು’. ಹಾಳೆ ಅಳಿಯನ ಕೈಗೆ ಹೋಯಿತು. ಅವನು ಕಲಿತದ್ದು ತೆಲುಗು ಶಾಲೆಯಲ್ಲಿ. ಪೆನ್ನು ಹಿಡಿದು ನದಿಯನ್ನು ನೋಡುತ್ತ ಬಹಳ ಹೊತ್ತು ಕುಳಿತನು. ಕೊನೆಗೆ ಹೊಲದ ಸರ್ವೆ ನಂಬರನ್ನು ತೆಲುಗಿನಲ್ಲಿ ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದನು: ಏನು ಮಾಡುವುದಾದರೂ ಮೊದಲು ನನ್ನನ್ನು ಕೇಳಿ ಮಾಡಬೇಕು.

“ಇದು ಇರಬೇಕೇನ್ರಿ ಮಾಮಾ?” ಎಂದನು.

“ಇದೇ ಇರಬೇಕು,” ಎಂದರು ಮಾಸ್ತರರು.

ಮರಳುವಾಗ ಮಖ್ತಲ್ಲಿನಲ್ಲಿ ಜೀಪು ನಿಲ್ಲಿಸಿ, ತೆರೆದಿದ್ದ ಅಂಗಡಿಯೊಂದರಲ್ಲಿ ಹಾಳೆಯ ಎರಡು ಜೆರಾಕ್ಸ್ ತೆಗೆಸಿದರು. ಒಂದು ಅಳಿಯನಿಗೆ, ಒಂದು ಡಾರ್ವಿನ್ನಿಗೆ. ಮೂಲ ಹಾಳೆಯನ್ನು ಮಡಿಸಿ ಮಾಸ್ತರರು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು. ನಾರಾಯಣಪೇಟೆ ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಪಕ್ಕದಲ್ಲಿ ಮೊಮ್ಮಗಳು ತನ್ನ ಪ್ರತಿಯನ್ನು ಮೊಬೈಲಿನ ಬೆಳಕಿನಲ್ಲಿ ಹಿಡಿದು, ಅಜ್ಜನ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಕೂಡಿಸಿ ಓದುತ್ತಿದ್ದಳು.